ಗಾಂಧಾರಿ ಹುಬ್ಬಳ್ಳಿಯ ಪ್ಲೇಟು ಮತ್ತು ನಾವು

ಹಳೇ ಗ್ರಾಮಫೋನ್ ಪ್ಲೇಟುಗಳನ್ನು ಜೋಪಾನ ಮಾಡಿ ಇಟ್ಟುಕೊಂಡವರ ಮಾತು ಕೇಳಬೇಕು. ಸಂತೆಯಲ್ಲಿ ಕಾಳಿನ ವ್ಯಾಪಾರಿ ಎರಡು ಮುಷ್ಟಿಯಲ್ಲಿ ಎರಡು ನಮೂನೆ ಜೋಳ ಹಿಡಿದು ನೋಡುವ ಹಾಗೆ ಅವರು ಒಂದೇ ರಾಗದ ಎರಡು ಪ್ಲೇಟು ಹಿಡಿದು ನೋಡುತ್ತಾರೆ. ಇದರಲ್ಲಿ ಷಡ್ಜ ಹೇಗೆ ನಿಂತಿತು, ಅದರಲ್ಲಿ ತಾನ ಎಲ್ಲಿ ತುಂಡಾಯಿತು, ಈ ಪ್ರತಿಯಲ್ಲಿ ಮುಳ್ಳಿನ ಕರಕರ ಎಷ್ಟು, ಆ ಪ್ರತಿ ಯಾವ ಊರಿನ ಯಾವ ವಾಡೆಯ ಅಟ್ಟದಿಂದ ಇಳಿದು ಬಂತು. ವಾದ ಏರಿದರೆ ಚಹಾ ಆರಿ ತಣ್ಣಗಾಗುತ್ತದೆ. ಅಬ್ದುಲ್ ಕರೀಮ್ ಖಾನರ ಮೂರು ನಿಮಿಷದ ಮೇಲೆ ಮೂರು ತಾಸು ಮಾತಾಡಬಲ್ಲ ಜನ ಅವರು. ಅವರನ್ನು ಗೇಲಿ ಮಾಡಲು ನಾವು ಬರೆಯುತ್ತಿಲ್ಲ. ಇಷ್ಟು ಕಿವಿಗೊಟ್ಟು ಕೇಳುವುದು ಸಣ್ಣ ಮಾತಲ್ಲ. ನಮ್ಮ ಕೇರಿಗಳ ಕೂಗಿಗೆ ಇದರ ಹತ್ತರಲ್ಲೊಂದು ಪಾಲು ಕಿವಿ ಸಿಕ್ಕಿದ್ದರೂ ಈ ಪತ್ರಿಕೆಗೆ ಕೆಲಸ ಇರುತ್ತಿರಲಿಲ್ಲ.

ನಾವು ಅಂದರೆ ಧಾರವಾಡದಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದಿರುವ ಮೂವರು. ಮೂವರೂ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವರು, ಮೂವರ ಮನೆಯಲ್ಲೂ ಗೂಟಕ್ಕೆ ಹಲಗಿ ತೂಗುತ್ತದೆ. ಲೈಬ್ರರಿಯಲ್ಲಿ ಪರಿಚಯವಾದ ನಿವೃತ್ತ ಗುಮಾಸ್ತರೊಬ್ಬರು ಕರೆದೊಯ್ದದ್ದರಿಂದ ಒಂದು ರವಿವಾರದ ಬೈಠಕ್ಕಿಗೆ ಹೋಗತೊಡಗಿದೆವು. ಅಲ್ಲಿ ಪ್ಲೇಟು, ಕ್ಯಾಸೆಟ್ಟು, ರೇಡಿಯೋದಿಂದ ಇಳಿಸಿಕೊಂಡ ಟೇಪು ಎಲ್ಲ ಇವೆ. ಈಗ ಅಷ್ಟೂ ಒಂದು ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ. ನಾವು ಮೊಬೈಲಿಗೆ ತುಂಬಿಕೊಂಡು ಬಂದು, ರಾತ್ರಿ ಖೋಲಿಯಲ್ಲಿ ಮತ್ತೆ ಹಚ್ಚಿ, ಅವರ ಹಾಗೆಯೇ ಜಗಳಾಡುತ್ತೇವೆ.

ಅತಿ ಹೆಚ್ಚು ಜಗಳಾಡಿದ್ದು ಗಂಗೂಬಾಯಿ ಹಾನಗಲ್ಲರ ಬಗ್ಗೆ. 1930ರ ದಶಕದ ಎಚ್.ಎಂ.ವಿ. ಪ್ಲೇಟುಗಳ ಮೇಲೆ ಅವರ ಹೆಸರು ಗಾಂಧಾರಿ, ಊರು ಹುಬ್ಬಳ್ಳಿ. ಆ ದನಿ ಕೇಳಿದರೆ ಇವರೇ ಅವರು ಅಂತ ಯಾರೂ ಅನ್ನಲಾರರು. ಎತ್ತರದ, ತೆಳ್ಳನೆಯ, ಗೆಜ್ಜೆಯಂಥ ದನಿ. 1940ರ ದಶಕದಲ್ಲಿ ಗಂಟಲಿಗೆ ಚಿಕಿತ್ಸೆಯಾದ ಮೇಲೆ ಆ ದನಿ ಹೋಯಿತು. ಅದರ ಜಾಗದಲ್ಲಿ ಬಂದದ್ದು ನಾವೆಲ್ಲ ಬಲ್ಲ ಆ ಗಡಸು, ಆ ಆಳ. ಗಂಡಸರ ದನಿ ಅಂತ ಜನ ಆಡಿಕೊಂಡರಂತೆ. ಬೈಠಕ್ಕಿನ ಹಿರಿಯರೊಬ್ಬರಿಗೆ ಮೊದಲಿನ ದನಿಯೇ ಪ್ರಾಣ. ಹೂವು ಹೋಗಿ ಮರ ಉಳೀತು ಅನ್ನುತ್ತಾರೆ. ನಮಗೆ ಮರವೇ ಬೇಕು. ಹೆಣ್ಣು ಹೀಗೇ ಹಾಡಬೇಕು ಎಂಬ ಅಪ್ಪಣೆಯನ್ನು ಕಾಲಿನಿಂದ ಸರಿಸಿ, ನೆಲದಿಂದ ಎದ್ದು ಬರುವ ಆ ಷಡ್ಜದಲ್ಲಿ ನಮ್ಮ ಅವ್ವಂದಿರು ಕಳೆ ತೆಗೆಯುತ್ತಾ ದೂರದ ಹೊಲದವರನ್ನು ಕೂಗುವ ದನಿ ಇದೆ. ಇದು ಶಾಸ್ತ್ರದ ಮಾತಲ್ಲ ಅಂತ ಅವರಂದರು. ಅಲ್ಲದಿದ್ದರೆ ಬೇಡ.

ಆದರೆ ಆ ಎರಡು ದನಿಗಳ ನಡುವಿನ ಇನ್ನೊಂದು ಮಾತು ಬೈಠಕ್ಕಿನಲ್ಲಿ ಯಾರೂ ಎತ್ತುವುದಿಲ್ಲ. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ, ಗಂಗಾಮತಸ್ಥ ಕುಲದವರು. ದಲಿತರಲ್ಲ, ನಿಜ. ಆದರೂ ಹಾಡುವವರ ಮಗಳು ಅಂತ ಧಾರವಾಡದ ಮೇಲ್ಜಾತಿಯ ಓಣಿ ಆ ಹುಡುಗಿಯನ್ನು ಯಾವ ಕಣ್ಣಿನಿಂದ ನೋಡಿತು ಅನ್ನುವುದನ್ನು ಗಂಗೂಬಾಯಿ ಮುಚ್ಚಿಡಲಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯ ಎದುರು ಸ್ವಾಗತಗೀತೆ ಹಾಡಿದಾಗ ಅವರಿಗೆ ಹನ್ನೊಂದು ವರ್ಷ. ಹಾಡಿನ ಭಯಕ್ಕಿಂತ ಊಟದ ಹೊತ್ತಿಗೆ ಜಾತಿ ಏನು ಮಾಡುತ್ತದೋ ಅನ್ನುವ ಭಯ ದೊಡ್ಡದಿತ್ತು. ಅದನ್ನು ಅವರೇ ನೆನೆದು ಹೇಳಿದ್ದುಂಟು. ನಾವು ಈ ವಿಷಯ ತೆಗೆದ ದಿನ ಹಿರಿಯರು ಅಂದರು:

"ಅದೆಲ್ಲಾ ಯಾಕ್ರಪಾ ಈಗ? ಸಂಗೀತಕ್ಕ ಜಾತಿ ಇಲ್ಲ."

ಸಂಗೀತಕ್ಕೆ ಇಲ್ಲದಿರಬಹುದು. ಆ ಮನೆಯ ಚಹಾದ ಕಪ್ಪಿಗೆ ಇದೆ. ಎಲ್ಲರಿಗೂ ಪಿಂಗಾಣಿ, ನಮಗೆ ಮೂವರಿಗೆ ಕಾಗದದ ಕಪ್ಪು. ಎರಡನೇ ರವಿವಾರ ಇದನ್ನು ನೋಡಿದೆವು, ಮೂರನೇ ರವಿವಾರ ಎಣಿಸಿದೆವು, ನಾಲ್ಕನೇ ರವಿವಾರ ನಮ್ಮ ಖೋಲಿಯಿಂದ ಮೂರು ಸ್ಟೀಲ್ ಲೋಟ ಒಯ್ದು ಎಲ್ಲರೆದುರು ಜಮಖಾನದ ಮೇಲೆ ಇಟ್ಟೆವು. ಯಾರೂ ಮಾತಾಡಲಿಲ್ಲ. ಚಹಾ ಹಾಕಿದರು. ಆಮೇಲೆ ಬಹಳ ಹೊತ್ತು ಬಿಹಾಗ್ ರಾಗದ ಬಗ್ಗೆ ಮಾತಾಯಿತು.

ಇತ್ತ ನಮ್ಮ ಸಂಘಟನೆಯ ಗೆಳೆಯರದು ಬೇರೆ ತಕರಾರು. "ಏ, ನಿಮಗೂ ಭಟ್ಟರ ಚಟ ಹತ್ತೇತಿ ನೋಡು" ಅಂತ ಒಬ್ಬ ಅಂದ. "ಕೇರಿ ಹಾಡು ಬಿಟ್ಟು ಆ ಆಲಾಪ ಯಾಕ?" ಅಲ್ಲಿ ಕಾಗದದ ಕಪ್ಪು, ಇಲ್ಲಿ ಈ ಮಾತು. ಇಬ್ಬರೂ ಒಂದೇ ಹೇಳುತ್ತಿದ್ದಾರೆ: ಇದು ನಿಮ್ಮದಲ್ಲ. ಅವರಿಗೆ ಉತ್ತರ ಕೊಟ್ಟಾಯಿತು. ಗೆಳೆಯರಿಗೆ ಇಲ್ಲಿ ಕೊಡುತ್ತೇವೆ.

ಈ ದೇಶದ ಸಂಗೀತವನ್ನು ಪ್ಲೇಟಿನ ಮೇಲೆ ಮೊದಲು ತಂದವರಲ್ಲಿ ಭಟ್ಟರು ಎಲ್ಲಿದ್ದರು? 1902ರ ನವೆಂಬರಿನಲ್ಲಿ ಕಲ್ಕತ್ತೆಯ ಹೋಟೆಲಿನಲ್ಲಿ ಗೈಸ್‌ಬರ್ಗ್ ಎಂಬ ಪರದೇಶದವನು ಯಂತ್ರ ಹೂಡಿದಾಗ ಅದರ ಕಹಳೆಗೆ ಬಾಯಿಟ್ಟು ಹಾಡಿದವರಲ್ಲಿ ದೊಡ್ಡ ಹೆಸರು ಗೌಹರ್ ಜಾನ್, ಕೋಠಿಯ ಗಾಯಕಿ. ಘರಾಣೆಯ ದೊಡ್ಡ ದೊಡ್ಡ ಗಂಡಸರು ಯಂತ್ರಕ್ಕೆ ಹಾಡಿದರೆ ವಿದ್ಯೆ ಕೆಟ್ಟೀತು ಅಂತ ಹಿಂಜರಿಯುತ್ತಿದ್ದ ಕಾಲ ಅದು. ಹಾಡು ಮುಗಿದ ಕೂಡಲೇ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾಳೆ. ಪ್ಲೇಟು ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿನವರಿಗೆ ಯಾರ ಹಾಡು ಎಂದು ಗೊತ್ತಾಗಬೇಕಲ್ಲ. ನಮಗೆ ಆ ಪ್ಲೇಟಿನಲ್ಲಿ ರಾಗಕ್ಕಿಂತ ಆ ಕೂಗೇ ಹೆಚ್ಚು ಸೇರುತ್ತದೆ. ಮರ್ಯಾದಸ್ಥರ ಮನೆಯಲ್ಲಿ ಹೆಸರೆತ್ತಲಾಗದ ಹೆಣ್ಣು ತನ್ನ ಹೆಸರನ್ನು ತಾನೇ ಹೇಳಿಕೊಳ್ಳುತ್ತಾಳೆ, ಅದನ್ನು ಯಾರೂ ಅಳಿಸಲಾರರು. ಕೊನೆಗಾಲಕ್ಕೆ ಆಕೆ ಬಂದು ಸೇರಿದ್ದು ಮೈಸೂರು ಅರಮನೆ. 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡಳು.

ಪ್ಲೇಟು ಯಾವುದರಿಂದ ಆಗಿದೆ ಅಂತಲೂ ನೋಡಿ. 78ರ ವೇಗದ ಆ ಕಪ್ಪು ತಟ್ಟೆ ಅರಗಿನದು. ಕಲ್ಲಿನ ಪುಡಿ, ಮಸಿ ಬೆರೆಸಿ ಒತ್ತಿದ ಅರಗು. ಅರಗು ಬಂದದ್ದು ಹೆಚ್ಚಾಗಿ ಛೋಟಾನಾಗಪುರದ ಕಾಡುಗಳಿಂದ. ಮುತ್ತುಗದ, ಬೋರೆಯ ಕೊಂಬೆಗೆ ಹತ್ತುವ ಹುಳು ಕಟ್ಟಿದ ಅಂಟನ್ನು ಕೊಂಬೆಸಮೇತ ಕಡಿದು ಕೆರೆದು ತೆಗೆದವರು ಮುಂಡಾ, ಓರಾಂವ್ ಮುಂತಾದ ಆದಿವಾಸಿಗಳು. ಕಲ್ಕತ್ತೆಯ ಸಿಯಾಲದಾದಲ್ಲಿ 1908ರಲ್ಲಿ ಕಾರ್ಖಾನೆ ಶುರುವಾದ ಮೇಲೆ ಪ್ಲೇಟುಗಳು ಇಲ್ಲೇ ಒತ್ತಲ್ಪಟ್ಟವು. ನಮ್ಮ ರಸಿಕರು ಬೆರಳ ಗುರುತು ಬೀಳದಂತೆ ಅಂಚು ಹಿಡಿದು ಎತ್ತುವ ತಟ್ಟೆಯೊಳಗೆ ಇಷ್ಟು ಜನರ ಬೆರಳಿದೆ.

ಇನ್ನು ಹಿಂದೆ ಗುಂಯ್ ಅನ್ನುವ ತಂಬೂರಿ. ಮಿರಜಿನಲ್ಲಿ ಅದನ್ನು ಮಾಡುವವರು ಶಿಕಲಗಾರರು. ಕತ್ತಿ ಸಾಣೆ ಹಿಡಿಯುತ್ತಿದ್ದ ಮುಸಲ್ಮಾನ ಮನೆತನಗಳು, ಕತ್ತಿಯ ಕಾಲ ಮುಗಿದ ಮೇಲೆ ತಂತಿ ವಾದ್ಯಕ್ಕೆ ಬಂದವರು. ಬುರುಡೆ ಬರುವುದು ಪಂಢರಪುರದ ಕಡೆಯ ಹೊಲಗಳಿಂದ. ತಬಲಾದ ಮುಖಕ್ಕೆ ಆಡಿನ ತೊಗಲು. ಮೃದಂಗಕ್ಕೆ ಆಡು, ಆಕಳು, ಎಮ್ಮೆ ಮೂರೂ ಬೇಕು. ತಂಜಾವೂರಿನ ಕಡೆ ಅದನ್ನು ತಲೆಮಾರುಗಳಿಂದ ಕಟ್ಟುತ್ತ ಬಂದ ದಲಿತ ಕ್ರೈಸ್ತರ ಬಗ್ಗೆ ಗಾಯಕ ಟಿ.ಎಂ. ಕೃಷ್ಣ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಎಂಬ ಪುಸ್ತಕ ತಂದರು. ಅದರ ಬಿಡುಗಡೆಗೆ ಚೆನ್ನೈನ ಕಲಾಸಂಸ್ಥೆಯೊಂದು ಸಭಾಂಗಣ ಕೊಡುತ್ತೇನೆಂದು ಒಪ್ಪಿ, ಹಿಂದೆ ಸರಿಯಿತು. ಆಕಳ ತೊಗಲಿನ ನಾದ ಬೇಕು, ತೊಗಲಿನ ಹೆಸರು ಬೇಡ.

ಗದಗಿನ ಹುಡುಗ ಭೀಮಸೇನ ಅಂಗಡಿಯೊಂದರ ಮುಂದೆ ನಿಂತು ಕರೀಮ್ ಖಾನರ ಠುಮ್ರಿಯ ಪ್ಲೇಟು ಕೇಳಿ, 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ ಕಥೆ ಎಲ್ಲರಿಗೂ ಗೊತ್ತು. ದೊಡ್ಡ ಕಥೆಯೇ. ಆದರೆ ಅಂಥ ಅಂಗಡಿಗಳ ಮುಂದೆ ಹಮಾಲರ ಮಕ್ಕಳೂ ನಿಂತಿದ್ದಿರಬೇಕು, ಕಸ ಹೊಡೆಯಲು ಬಂದ ಹುಡುಗಿಯೂ ಪೊರಕೆ ಹಿಡಿದು ನಿಂತಿದ್ದಿರಬೇಕು. ಅವರಿಗೂ ಎದೆ ನಡುಗಿರಬೇಕು. ಮನೆ ಬಿಟ್ಟು ಅವರು ಯಾವ ಗುರುವಿನ ಪಡಸಾಲೆಗೆ ಹೋಗಬೇಕಿತ್ತು? ಒಂದು ಮಾತು ಮಾತ್ರ ಒಪ್ಪಬೇಕು: ಗುರುವಿನ ಬಾಗಿಲು ಕುಲ ಕೇಳಿತು, ದರಬಾರು ಕೇಳಿತು, ಗುಡಿ ಕೇಳಿತು. ರಸ್ತೆಗೆ ಕಹಳೆ ಚಾಚಿದ ಪ್ಲೇಟು ಕೇಳಲಿಲ್ಲ. ನಮಗೆ ಈ ಸಂಗೀತ ಬಂದದ್ದು ಆ ದಾರಿಯಿಂದ, ಮತ್ತು ಆ ದಾರಿಯನ್ನು ನಾವು ಬಿಟ್ಟುಕೊಡುವವರಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿದೆವು. ನಮ್ಮಲ್ಲೊಬ್ಬನ ಅಪ್ಪ ಹಲಗಿ ಕಟ್ಟುತ್ತಾರೆ, ಡೊಳ್ಳಿಗೂ ತೊಗಲು ಹಾಕುತ್ತಾರೆ. ವಯಸ್ಸಿನಲ್ಲಿ ಹುಬ್ಬಳ್ಳಿಯ ವಾದ್ಯದ ಅಂಗಡಿಗೆ ಆಡಿನ ತೊಗಲು ಹದ ಮಾಡಿ ಕೊಡುತ್ತಿದ್ದವರು. ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಮಲ್ಲಿಕಾರ್ಜುನ ಮನ್ಸೂರರ ಎರಡು ಧ್ವನಿಮುದ್ರಣ ಹಚ್ಚಿದೆವು, ಒಂದೇ ರಾಗ. ಬೈಠಕ್ಕಿನವರು ಎರಡು ಹೊತ್ತು ಗುದ್ದಾಡಿಯೂ ಯಾವುದು ಮೇಲು ಅಂತ ತೀರ್ಮಾನವಾಗದ ಜೋಡಿ. ಅಪ್ಪ ಎಲೆಅಡಿಕೆ ನಿಲ್ಲಿಸಿ ಕೇಳಿದರು. ಹಾಡಿನ ಬಗ್ಗೆ ಏನೂ ಅನ್ನಲಿಲ್ಲ.

"ಎರಡನೇದ್ದು ಮಳಿಗಾಲದಾಗಿಂದು," ಅಂದರು. "ತೊಗಲು ಹಸಿ ಕುಡದೈತಿ. ಪಾಪ, ಬಾರ್ಸಾಂವ ನಡುನಡುವ ಬಡದು ಬಡದು ಏರಸಾಕ ಹತ್ಯಾನ, ಕೇಳ್ರಿ. ಮೊದಲನೇದ್ದು ಎಳೀ ಆಡಿಂದು. ಕಟ್ಟಿದಾಂವ ಶಾಣ್ಯಾ ಅದಾನ."

ಖೋಲಿಗೆ ಬಂದು ಪಟ್ಟಿ ನೋಡಿದೆವು. ಎರಡನೆಯ ಕ್ಯಾಸೆಟ್ಟಿನ ಮೇಲೆ ಪೆನ್ನಿನಲ್ಲಿ ಬರೆದಿದ್ದು: ಜುಲೈ.

ಮುಂದಿನ ರವಿವಾರ ಇದನ್ನು ಹೇಳಿದೆವು. ಎಲ್ಲರೂ ಮತ್ತೆ ಹಚ್ಚಿ ಕೇಳಿದರು. ಗುಮಾಸ್ತರ ಕಣ್ಣು ಅರಳಿತು. ನಲವತ್ತು ವರ್ಷ ಕೇಳಿದರೂ ಆ ಬಡಿತಕ್ಕೆ ಕಿವಿಗೊಟ್ಟಿರಲಿಲ್ಲ ಅಂದರು. ಆಗ ಆ ಮನೆಯ ಹಿರಿಯರು ನಮ್ಮ ಗೆಳೆಯನಿಗೆ, "ನಿಮ್ಮ ತಂದೀನ್ನ ಒಮ್ಮೆ ಕರಕೊಂಡ ಬಾರಪಾ, ನಮ್ಮ ತಬಲಾಕ್ಕ ತೊಗಲು ಹಾಕಸೋದದ" ಅಂದರು. ಗೆಳೆಯ ಆ ಮಾತನ್ನು ಫೋನಿನಲ್ಲಿ ಹಾಗೇ ಮುಟ್ಟಿಸಿದ. ಅಪ್ಪ ನಕ್ಕರು.

"ತೊಗಲು ಹಾಕಾಕ ಬರಾಂಗಿಲ್ಲ ಅಂತ ಹೇಳು. ಕೇಳಾಕ ಕರದರ ಬರ್ತೀನಿ."

ಈ ಉತ್ತರ ಇನ್ನೂ ಜಮಖಾನದ ಮೇಲೆ ಬಿದ್ದಿದೆ, ಯಾರೂ ಎತ್ತಿಕೊಂಡಿಲ್ಲ. ನಾವು ಲೋಟ ಹಿಡಿದು ಹೋಗುತ್ತಲೇ ಇದ್ದೇವೆ.

ಬೈಠಕ್ಕಿನವರ ವಹಿಯಲ್ಲಿ ರಾಗ, ಗಾಯಕರು, ತಬಲಾ ಯಾರದು, ಇಸವಿ, ಪ್ಲೇಟಿನ ನಂಬರು, ಇಷ್ಟಕ್ಕೆ ಗೆರೆ ಹೊಡೆದಿರುತ್ತಾರೆ. ನಮ್ಮ ವಹಿಯಲ್ಲಿ ಇನ್ನೊಂದು ಗೆರೆ ಹೊಡೆದಿದ್ದೇವೆ: ವಾದ್ಯ ಕಟ್ಟಿದವರು. ಸದ್ಯಕ್ಕೆ ಆ ಕಡೆ ಪುಟ ಬಹುತೇಕ ಬಿಳಿ ಇದೆ. ಹುಬ್ಬಳ್ಳಿ, ಗದಗ, ಕುಂದಗೋಳ, ಬೆಳಗಾವಿ ಕಡೆ ತಬಲಾ ಡಗ್ಗಾಕ್ಕೆ ತೊಗಲು ಹಾಕುತ್ತಿದ್ದ ಮನೆತನಗಳು ಓದುಗರಿಗೆ, ಮುಖ್ಯವಾಗಿ ಹಳ್ಳಿಯ ಶಾಲೆಗಳಲ್ಲಿರುವ ಮಾಸ್ತರ ಗೆಳೆಯರಿಗೆ ಗೊತ್ತಿದ್ದರೆ, ದಯಮಾಡಿ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿರಿ. ಮುದುಕರು ಬದುಕಿದ್ದರೆ ಬೇಗ ಹಾಕಿರಿ. ನಾವು ಮೊಬೈಲು ಹಿಡಿದು ಬರುತ್ತೇವೆ.