ಎರಡು ತಾಸಿನ ಊಟ

ಜೋಳದ ರೊಟ್ಟಿಗೆ ಒಂದು ಸ್ವಭಾವವಿದೆ. ಹಂಚಿನಿಂದ ಇಳಿದದ್ದೇ ತಟ್ಟೆಗೆ ಬಂದರೆ ಅದರ ರುಚಿಯೇ ಬೇರೆ, ಸ್ವಲ್ಪ ತಡವಾದರೂ ಬಿರುಸಾಗುತ್ತದೆ. ಹೀಗಾಗಿ ನಮ್ಮ ಕಡೆ ಊಟವೆಂದರೆ ಒಬ್ಬರು ಒಲೆಯ ಮುಂದೆ ಬಡಿಯುವುದು, ಉಳಿದವರು ಸಾಲಾಗಿ ಕೂತು ತಿನ್ನುವುದು. ಬಡಿಯುವವರ ಸರದಿ ಬರುವ ಹೊತ್ತಿಗೆ ಉಳಿದವರು ಕೈ ತೊಳೆದು ಎದ್ದಿರುತ್ತಾರೆ. ಇದು ಯಾರೋ ಕೂತು ಬರೆದ ನಿಯಮವಲ್ಲ. ಕೇಳಿದರೆ ಎಲ್ಲರೂ ರೊಟ್ಟಿಯ ಬಿಸಿಯನ್ನೇ ಮುಂದೆ ಮಾಡುತ್ತಾರೆ.

ನಾವು ಗಂಡ ಹೆಂಡತಿ. ಈ ಬರಹ ಇಬ್ಬರದೂ ಹೌದು. ಊರು ಮುಧೋಳದ ಹತ್ತಿರದ ರನ್ನ ಬೆಳಗಲಿ. ಬಳೆಗಾರರ ಮನೆಯಲ್ಲಿ ಹುಟ್ಟಿ ‘ಗದಾಯುದ್ಧ’ ಬರೆದ ಹತ್ತನೆಯ ಶತಮಾನದ ಕವಿಯ ಹೆಸರನ್ನು ಹೊತ್ತ ಊರು. ಈಗ ಎತ್ತ ನೋಡಿದರೂ ಕಬ್ಬು. ನಮ್ಮಲ್ಲಿ ಒಬ್ಬರು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಾರೆ, ಇನ್ನೊಬ್ಬರು ನಾಲ್ಕು ಎಕರೆ ಕಬ್ಬು ನೋಡಿಕೊಳ್ಳುತ್ತಾರೆ. ಶಾಲೆಗೆ ಹೋಗುವವರೇ ಮನೆಯಲ್ಲಿ ರೊಟ್ಟಿ ಬಡಿಯುವವರೂ ಹೌದು.

2023ರ ದಸರಾ ರಜೆಯಲ್ಲಿ ನಾವಿಬ್ಬರೂ ಫ್ರಾನ್ಸಿಗೆ ಹೋಗಿಬಂದೆವು. ಮನೆಯ ಕಿರಿಯ ತಮ್ಮ ಆ ದೇಶದ ದಕ್ಷಿಣದ ಟುಲೂಸ್ ಪಟ್ಟಣದಲ್ಲಿ ವಿಮಾನದ ಬಿಡಿಭಾಗಗಳ ಲೆಕ್ಕ ಹಾಕುವ ಎಂಜಿನಿಯರು. ಅವನು ಕಳಿಸಿದ್ದು ಎರಡೇ ಟಿಕೆಟ್ಟು. ಮಗಳಿಗೆ ಎಸ್ಸೆಸ್ಸೆಲ್ಸಿಯ ವಿಶೇಷ ತರಗತಿ ಇತ್ತು. ಏಳನೆಯ ತರಗತಿಯ ಮಗ ಅಕ್ಕನಿಲ್ಲದೆ ಬರುವುದಿಲ್ಲ ಎಂದ. ಇಬ್ಬರನ್ನೂ ಅವ್ವನ ಹತ್ತಿರ ಬಿಟ್ಟು ಹೊರಟೆವು. ಸಕ್ಕರೆ ಕಾರ್ಖಾನೆಗಳು ಇನ್ನೂ ಚಾಲೂ ಆಗಿರಲಿಲ್ಲವಾದ್ದರಿಂದ ಹೊಲದ ಕಡೆಯಿಂದ ತಕರಾರು ಇರಲಿಲ್ಲ. ತಕರಾರು ಓಣಿಯಿಂದ ಬಂತು. “ಹುಡುಗರನ್ನ ಬಿಟ್ಟು ಹೆಂಗ ಹೊಂಟೀರಿ, ಟೀಚರ್?” ಎಂದು ಕೇಳಿದವರು ಒಬ್ಬಿಬ್ಬರಲ್ಲ. ಆದರೆ ಕೇಳಿದ್ದೆಲ್ಲ ನಮ್ಮಲ್ಲಿ ಒಬ್ಬರನ್ನೇ. ಇನ್ನೊಬ್ಬರನ್ನು ಕೇಳಿದ್ದು, “ವೀಸಾ ಆತೇನ್ರಿ ಗೌಡ್ರ?” ಎಂದಷ್ಟೇ.

ನಾವು ಮಾಂಸ, ಮದ್ಯ ಮುಟ್ಟುವವರಲ್ಲ, ತತ್ತಿ ತಿನ್ನುತ್ತೇವೆ. ಇಂಥವರಿಗೆ ಫ್ರಾನ್ಸಿನಲ್ಲಿ ಏನು ಸಿಕ್ಕೀತು ಎಂದು ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಟಿಕೊಟ್ಟಿದ್ದಳು. ಪ್ಯಾರಿಸ್ಸಿನ ಮೊದಲ ರಾತ್ರಿ ಹೊಟೇಲಿನ ಕೋಣೆಯಲ್ಲಿ ಅದನ್ನೇ ಮುರಿದು ತಿಂದೆವು. ಮರುದಿನ ಬೆಳಿಗ್ಗೆ ಬೀದಿಯ ತಿರುವಿನ ಬ್ರೆಡ್ಡಿನ ಅಂಗಡಿಯ ವಾಸನೆ ನಮ್ಮನ್ನು ನಿಲ್ಲಿಸಿತು. ಮೊಳದುದ್ದದ ಬಾಗೆತ್ ಕೊಂಡು ನಡೆಯುತ್ತಲೇ ತುದಿ ಮುರಿದು ಬಾಯಿಗೆ ಹಾಕಿಕೊಂಡೆವು. ಹೊರಗೆ ಗರಿಗರಿ, ಒಳಗೆ ಹತ್ತಿಯ ಹಾಗೆ. ‘ಸಾಂಪ್ರದಾಯಿಕ’ ಎಂಬ ಹೆಸರಿನಲ್ಲಿ ಮಾರುವ ಬ್ರೆಡ್ಡಿಗೆ ಅಲ್ಲಿ 1993ರಿಂದ ಸರ್ಕಾರದ ಕಟ್ಟಳೆ ಇದೆ. ಮುಖ್ಯವಾಗಿ ಗೋಧಿ ಹಿಟ್ಟು, ನೀರು, ಉಪ್ಪು, ಹುದುಗು ಇಷ್ಟೇ ಇರಬೇಕು, ಹಿಟ್ಟನ್ನು ಹಿಮಗಟ್ಟಿಸಿ ಇಡುವಂತಿಲ್ಲ. 2022ರಲ್ಲಿ ಯುನೆಸ್ಕೊ ಈ ಬಾಗೆತ್ ಮಾಡುವ ಕಸುಬನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ನಮಗೆ ಹೊಳೆದ ಸಂಗತಿ ಬೇರೆ. ದಿನನಿತ್ಯದ ಬ್ರೆಡ್ಡನ್ನು ಅಲ್ಲಿ ಮನೆಯಲ್ಲಿ ಸುಡುವವರು ಕಡಿಮೆ. ನಸುಕಿನಲ್ಲಿ ಎದ್ದು ಸುಡುವವನಿಗೆ ಅದು ಉದ್ಯೋಗ, ಅದಕ್ಕೆ ಅವನಿಗೆ ದುಡ್ಡು ಬರುತ್ತದೆ. ಊಟದ ಹೊತ್ತಿಗೆ ರೊಟ್ಟಿಗಾಗಿ ಯಾರೂ ಒಲೆಯ ಮುಂದೆ ಇರಬೇಕಿಲ್ಲ.

ಹಾಗೆಂದು ಬಿಸಿಯಾಗಿಯೇ ತಿನ್ನಬೇಕಾದದ್ದು ಅವರಲ್ಲಿ ಇಲ್ಲವೆಂದಲ್ಲ. ಮೊಂಪಾರ್ನಾಸ್ ರೈಲು ನಿಲ್ದಾಣದ ಸುತ್ತಲಿನ ಬೀದಿಗಳಲ್ಲಿ ಗಾಲೆತ್ ಮಾಡುವ ಅಂಗಡಿಗಳು ಸಾಲಾಗಿವೆ. ಪಶ್ಚಿಮದ ಬ್ರಿಟನಿ ಪ್ರಾಂತದಿಂದ ದುಡಿಯಲು ಬಂದವರು ಇಳಿಯುತ್ತಿದ್ದ ನಿಲ್ದಾಣ ಅದು. ಅವರ ಹಿಂದೆ ಅವರ ತಿನಿಸೂ ಬಂತು. ಬಕ್‌ವೀಟ್ ಎಂಬ ಕಾಳಿನ ಕಂದು ಹಿಟ್ಟನ್ನು ನೀರಾಗಿ ಕಲಸಿ, ಅಗಲವಾದ ಕಬ್ಬಿಣದ ಹಂಚಿನ ಮೇಲೆ ದೋಸೆಯಂತೆ ಹರಡಿ, ಮೇಲೆ ತತ್ತಿ ಒಡೆದು, ಚೀಸ್ ಉದುರಿಸಿ ನಾಲ್ಕು ಕಡೆ ಮಡಚಿ ಕೊಡುತ್ತಾರೆ. ಬಣ್ಣದಲ್ಲಿ ನಮ್ಮ ಸಜ್ಜಿ ರೊಟ್ಟಿಯ ನೆನಪು, ರುಚಿಯಲ್ಲಿ ಅದರದೇ ದಾರಿ. ನಾವು ಎರಡೆರಡು ತಿಂದೆವು.

ಹಂಚಿನ ಮುಂದೆ ಇದ್ದವರು ಜಾಫ್ನಾದ ತಮಿಳರು. ನಮ್ಮ ಮುಖ ನೋಡಿ ಇಂಗ್ಲಿಷಿನಲ್ಲಿ ಮಾತಾಡಿಸಿದರು. “ನಿಮ್ಮ ಊಟ ಎಷ್ಟೊತ್ತಿಗೆ?” ಎಂದು ನಮ್ಮಲ್ಲಿ ರೊಟ್ಟಿ ಬಡಿಯುವವರು ಕೇಳಿದರು. ಅದು ಅವರಿಗೇ ಹೊಳೆಯುವ ಪ್ರಶ್ನೆ. “ಹನ್ನೊಂದೂವರೆಗೇ ಆಯಿತು. ಕೆಲಸದವರೆಲ್ಲ ಮೊದಲು ಕೂತು ಉಣ್ಣುತ್ತೇವೆ, ಆಮೇಲೆ ಬಾಗಿಲು ತೆಗೆಯುತ್ತೇವೆ” ಎಂದರು. ಬಡಿಸುವವರು ಮೊದಲು ಉಂಡು ನಂತರ ಬಡಿಸುವ ಪದ್ಧತಿ! ಅಲ್ಲಿನ ಹೊಟೇಲುಗಳಲ್ಲಿ ಇದು ಸಾಮಾನ್ಯ ರೂಢಿ ಎಂದು ತಮ್ಮ ಆಮೇಲೆ ಹೇಳಿದ. ಹಸಿದ ಹೊಟ್ಟೆಯಲ್ಲಿ ಮತ್ತೊಬ್ಬರಿಗೆ ಬಡಿಸುವುದೇ ಪುಣ್ಯವೆಂದು ಕೇಳುತ್ತ ಬೆಳೆದ ನಮಗೆ ಆ ಮಾತು ಗಾಲೆತ್‌ಗಿಂತ ಹೆಚ್ಚು ಹೊತ್ತು ಬಾಯಲ್ಲಿ ಉಳಿಯಿತು.

ಮೂರನೆಯ ದಿನ ಟುಲೂಸ್ ಸೇರಿದೆವು. ಗರೋನ್ ನದಿಯ ದಂಡೆಯ ಊರು. ಕಟ್ಟಡಗಳೆಲ್ಲ ಕೆಂಪು ಇಟ್ಟಿಗೆಯವು, ಅದಕ್ಕೇ ಅದನ್ನು ಗುಲಾಬಿ ನಗರ ಎನ್ನುತ್ತಾರೆ. ತಮ್ಮನಿಗೆ ಆಫೀಸು. “ವೈನಿ, ಮಧ್ಯಾಹ್ನ ನೀವಿಬ್ಬರೇ ಹೊರಗ ಉಂಡು ಬರ್ರಿ. ಹನ್ನೆರಡೂವರೆಗೆ ಹೋಗ್ರಿ, ಎರಡರ ಮ್ಯಾಲೆ ಅಡಗಿಮನಿ ಬಂದ್ ಮಾಡ್ತಾರ” ಎಂದು ಹೇಳಿ, ಹೊಳೆಯ ಹತ್ತಿರದ ಒಂದು ಸಣ್ಣ ಹೊಟೇಲಿಗೆ ಫೋನು ಮಾಡಿ ನಮಗೆ ಮಾಂಸ ಬೇಡವೆಂದು ತಿಳಿಸಿದ. ಉಳ್ಳಾಗಡ್ಡಿ ಸೂಪು ಮಾತ್ರ ಕೇಳಬೇಡಿ, ಅದನ್ನು ಹೆಚ್ಚಾಗಿ ದನದ ಎಲುಬು ಕುದಿಸಿದ ನೀರಿನಲ್ಲಿ ಮಾಡುತ್ತಾರೆ ಎಂಬ ಎಚ್ಚರಿಕೆಯನ್ನೂ ಕೊಟ್ಟ.

ಮಧ್ಯಾಹ್ನದ ಮೂರು ಹಂತದ ಊಟಕ್ಕೆ ಒಬ್ಬರಿಗೆ 17 ಯೂರೋ, ಆಗಿನ ಲೆಕ್ಕದಲ್ಲಿ ಸುಮಾರು 1,500 ರೂಪಾಯಿ. ಆ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿಗೆ ಗೊತ್ತುಮಾಡಿದ್ದ ಮೂಲ ದರ ಟನ್ನಿಗೆ 3,150 ರೂಪಾಯಿ. ಇಬ್ಬರ ಊಟಕ್ಕೆ ಹತ್ತಿರ ಹತ್ತಿರ ಒಂದು ಟನ್ ಕಬ್ಬು! ಈ ಲೆಕ್ಕ ಹಾಕಿಯೇ ಒಳಗೆ ಹೋದೆವು. ಬುಟ್ಟಿಯಲ್ಲಿ ಬ್ರೆಡ್ಡು, ಹೂಜಿಯಲ್ಲಿ ನಲ್ಲಿ ನೀರು ಬಂತು. ಇವೆರಡಕ್ಕೂ ಬೇರೆ ಬಿಲ್ಲಿಲ್ಲ. ಮೊದಲು ಕುಂಬಳಕಾಯಿಯ ಸೂಪು, ಬೆಣ್ಣೆಯಂತೆ ನುಣುಪು. ಅದನ್ನು ಐದು ನಿಮಿಷದಲ್ಲಿ ಮುಗಿಸಿದೆವು. ಮುಂದಿನದು ಬರಲು ಇಪ್ಪತ್ತು ನಿಮಿಷ.

ಆ ಇಪ್ಪತ್ತು ನಿಮಿಷ ನಮಗೆ ಕಷ್ಟವಾಯಿತು. ಎದ್ದು ಬಡಿಸಬೇಕಿಲ್ಲ. ಯಾರ ತಟ್ಟೆಯಲ್ಲಿ ಪಲ್ಯ ತೀರಿತೆಂದು ನೋಡಬೇಕಿಲ್ಲ. ಪಕ್ಕದ ಟೇಬಲ್ಲುಗಳಲ್ಲಿ ಜನ ಮೆಲುದನಿಯಲ್ಲಿ ಮಾತಾಡುತ್ತ ಕೂತಿದ್ದರು, ಯಾರಿಗೂ ಅವಸರವಿರಲಿಲ್ಲ. ನಾವು ಊರಿಗೆ ಫೋನು ಹಚ್ಚಿದೆವು. ಬೆಳಗಲಿಯಲ್ಲಿ ಆಗ ಸಂಜೆ ನಾಲ್ಕು ದಾಟಿತ್ತು. “ನಾವು ಚಲೋ ಅದೀವಿ, ನೀವು ಉಣ್ಣರಿ” ಎಂದು ಮಗಳು ಫೋನಿಟ್ಟಳು. ಆಮೇಲೆ ಕಬ್ಬಿನ ಬಾಕಿ, ಮಗನ ಗಣಿತ, ಬೋರಿನ ಮೋಟಾರು ಎಲ್ಲ ಮಾತೂ ಹತ್ತು ನಿಮಿಷದಲ್ಲಿ ಮುಗಿದವು. ಮದುವೆಯಾಗಿ 17 ವರ್ಷವಾಗಿತ್ತು. ನಡುವೆ ಮಕ್ಕಳಿಲ್ಲದೆ, ಒಲೆಯಿಲ್ಲದೆ, ಎದುರುಬದುರು ಕೂತು ಒಂದೇ ಹೊತ್ತಿಗೆ ಉಂಡದ್ದು ನೆನಪಿಗೆ ಬರಲಿಲ್ಲ. ಮದುವೆಮನೆಗಳಲ್ಲಿಯೂ ಗಂಡಸರ ಪಂಕ್ತಿ ಬೇರೆ, ಹೆಂಗಸರದು ಬೇರೆ.

ಆಗ ನಮ್ಮಲ್ಲಿ ರೊಟ್ಟಿ ಬಡಿಯುವವರು ಒಂದು ಮಾತು ಹೇಳಿದರು. ಮದುವೆಯಾದ ಹೊಸದರಲ್ಲಿ ಮನೆ ತುಂಬ ಜನ. ಎಲ್ಲರಿಗೂ ಬಡಿದು ಮುಗಿಸುವಷ್ಟರಲ್ಲಿ ನಾದಿದ ಹಿಟ್ಟು ತೀರಿರುತ್ತಿತ್ತು. ಮತ್ತೆ ಹಿಟ್ಟು ತೆಗೆದರೆ ಹೊಸ ಸೊಸೆ ಎಷ್ಟು ಉಣ್ಣುತ್ತಾಳೆಂದು ಅಂದಾರೆಂಬ ಅಂಜಿಕೆ. ಒಂದೂವರೆ ರೊಟ್ಟಿಯಲ್ಲಿ ಮಲಗಿದ ರಾತ್ರಿಗಳು ಬಹಳ ಇದ್ದವು. ಯಾರ ಮೇಲೂ ಸಿಟ್ಟಿಲ್ಲದೆ, ಹವಾಮಾನದ ಸುದ್ದಿ ಹೇಳಿದ ಹಾಗೆ ಹೇಳಿದರು. ಕೇಳಿದವರು ಏನೂ ಅನ್ನಲಿಲ್ಲ. ಬುಟ್ಟಿಯಲ್ಲಿದ್ದ ಬ್ರೆಡ್ಡಿನ ಗರಿಗರಿಯಾದ ತುದಿಯನ್ನು ಮುರಿದು ಆ ಕಡೆ ಸರಿಸಿದರು.

ಅಷ್ಟರಲ್ಲಿ ರಾತಾತೂಯ್ ಬಂತು. ಬದನೆಕಾಯಿ, ಟೊಮೇಟೊ, ದೊಣ್ಣಮೆಣಸಿನಕಾಯಿ, ಉಳ್ಳಾಗಡ್ಡಿ, ಸೌತೆಯಂಥ ಕುರ್ಜೆತ್ ಎಲ್ಲವನ್ನೂ ಆಲಿವ್ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಬೇಯಿಸಿದ ಪಲ್ಯ. ಜೊತೆಗೆ ಆಲೂಗಡ್ಡೆಯನ್ನು ತೆಳ್ಳಗೆ ಹೆಚ್ಚಿ, ಹಾಲಿನ ಕೆನೆಯಲ್ಲಿ ಅದ್ದಿ ಸುಟ್ಟ ಗ್ರಾತೆಂ. ಖಾರವಿಲ್ಲ, ಮಸಾಲೆಯಿಲ್ಲ. ಹಾಗಾಗಿ ಬದನೆಕಾಯಿಗೆ ಬದನೆಕಾಯಿಯದೇ ರುಚಿ ಇತ್ತು. ಎಣಗಾಯಿ ಉಂಡು ಬೆಳೆದ ನಾಲಿಗೆಗೆ ಅದು ಹೊಸದು. ನಾವು ಬ್ರೆಡ್ಡಿನಿಂದ ತಟ್ಟೆ ಒರೆಸಿ ತಿಂದೆವು. ಅಲ್ಲಿನವರೂ ಮನೆಯೂಟದಲ್ಲಿ ಹಾಗೆ ಮಾಡುತ್ತಾರಂತೆ.

ಬದನೆಕಾಯಿಗೆ ಫ್ರೆಂಚರು ‘ಓಬರ್ಜೀನ್’ ಎನ್ನುತ್ತಾರೆ. ಆ ಪದ ಅರಬರ ‘ಅಲ್ ಬಾದಿಂಜಾನ್’ನಿಂದ ಬಂದದ್ದು, ಅರಬರಿಗೆ ಪರ್ಶಿಯನ್ನರಿಂದ, ಪರ್ಶಿಯನ್ನರಿಗೆ ನಮ್ಮ ದೇಶದಿಂದ. ಸಕ್ಕರೆಗೆ ಅವರು ಹೇಳುವ ‘ಸ್ಯೂಕ್ರ್’ ಕೂಡ ಅದೇ ದಾರಿಯ ಪ್ರಯಾಣಿಕ. ನಮ್ಮ ‘ಶರ್ಕರ’ ಪರ್ಶಿಯದಲ್ಲಿ ‘ಶಕರ್’ ಆಗಿ, ಅರಬ್ಬಿಯಲ್ಲಿ ‘ಸುಕ್ಕರ್’ ಆಗಿ ಅಲ್ಲಿಗೆ ತಲುಪಿತು. ದೂರದ ಊಟವೆಂದು ಕೂತರೆ ತಟ್ಟೆಯಲ್ಲಿ ನೆಂಟರೇ ಸಿಕ್ಕ ಹಾಗಾಯಿತು.

ಕೊನೆಗೆ ಸೇಬಿನ ತಾರ್ತ್, ಅದರ ಹಿಂದೆ ಕಾಫಿ. ಕಾಫಿಯ ಜೊತೆಗಿದ್ದ ಸಕ್ಕರೆ ತುಣುಕನ್ನು ನಮ್ಮಲ್ಲಿ ಕಬ್ಬು ಬೆಳೆಯುವವರು ಬಹಳ ಹೊತ್ತು ತಿರುಗಿಸಿ ನೋಡಿದರು. ಆ ದೇಶದ ಹೊಲದ ಸಕ್ಕರೆ ಬೀಟ್ ಗಡ್ಡೆಯದು. ನೆಪೋಲಿಯನ್ ಬ್ರಿಟಿಷರೊಂದಿಗಿನ ವ್ಯಾಪಾರ ಬಂದ್ ಮಾಡಿದಾಗ ಸಮುದ್ರದಾಚೆಯ ಕಬ್ಬಿನ ಸಕ್ಕರೆ ಸಿಗದಾಯಿತು. ಆಗ ಬೀಟ್ ಬೆಳೆಯಲು ಒತ್ತಾಸೆ ಕೊಟ್ಟರು. 1812ರ ಹೊತ್ತಿಗೆ ಪ್ಯಾರಿಸ್ಸಿನ ಪಕ್ಕದ ಪಾಸಿಯಲ್ಲಿ ದೆಲೆಸೇರ್ ಎಂಬಾತ ಅದರಿಂದ ಒಳ್ಳೆಯ ಸಕ್ಕರೆ ತೆಗೆದು ತೋರಿಸಿದ. ಇಂದು ಯುರೋಪಿನಲ್ಲಿ ಅತಿ ಹೆಚ್ಚು ಬೀಟ್ ಸಕ್ಕರೆ ಮಾಡುವ ದೇಶಗಳಲ್ಲಿ ಫ್ರಾನ್ಸ್ ಒಂದು. ಕಬ್ಬಿಲ್ಲದೆ ಸಕ್ಕರೆ ಆಗುವುದಿಲ್ಲ ಎಂಬುದು ಹೇಗೆ ಮಾತಷ್ಟೇ ಆಗಿತ್ತೋ, ರೊಟ್ಟಿಯಿಂದಾಗಿ ಒಬ್ಬರು ಕಡೆಗೆ ಉಣ್ಣಬೇಕು ಎಂಬುದೂ ಹಾಗೆಯೇ ಬರೀ ಮಾತಿರಬಹುದೆಂದು ಅಲ್ಲಿ ಕೂತಾಗ ಅನ್ನಿಸಿತು. ಎದ್ದಾಗ ಎರಡೂವರೆ ಗಂಟೆ.

ಫ್ರೆಂಚರ ಹಬ್ಬದೂಟವನ್ನು ಯುನೆಸ್ಕೊ 2010ರಲ್ಲೇ ಪರಂಪರೆಯ ಪಟ್ಟಿಗೆ ಸೇರಿಸಿದೆ. ಆ ಗೌರವ ಯಾವುದೋ ಒಂದು ಭಕ್ಷ್ಯಕ್ಕೆ ಸಿಕ್ಕದ್ದಲ್ಲ. ಜನ ಒಟ್ಟಿಗೆ ಕೂತು, ಒಂದಾದ ಮೇಲೊಂದು ಬರುವ ತಿನಿಸುಗಳನ್ನು ಮಾತಾಡುತ್ತ ಉಣ್ಣುವ ರೂಢಿಗೆ ಸಿಕ್ಕದ್ದು. ಹಾಗಂತ ಅದು ಹೆಂಗಸರ ಸ್ವರ್ಗವಲ್ಲ. ಅಲ್ಲಿಯೂ ಮನೆಗೆಲಸದ ಹೆಚ್ಚಿನ ಪಾಲು ಹೆಂಗಸರದ್ದೇ. ಹೊಟೇಲಿನ ಒಲೆಗಳ ಮುಂದೆ ಬೆವರುವವರಲ್ಲಿ ಬಹಳ ಜನ ದೂರದ ಬಡ ದೇಶಗಳಿಂದ ಹೋದವರು. ಯಾರೋ ನಿಲ್ಲದೆ ಯಾರೂ ಕೂತು ಉಣ್ಣಲಾರರು. ಆದರೆ ಅಲ್ಲಿ ಹೊಟೇಲಿನಲ್ಲಿ ನಿಂತವರಿಗೆ ಪಗಾರವಿದೆ, ಎರಡು ಗಂಟೆಗೆ ಬಾಗಿಲು ಹಾಕುವ ಹಕ್ಕಿದೆ, ವಾರದ ರಜೆ ಇದೆ. ನಮ್ಮ ಮನೆಗಳಲ್ಲಿ ನಿಂತವರಿಗೆ ಇವು ಯಾವುವೂ ಇಲ್ಲ.

ಮಕ್ಕಳನ್ನು ಬಿಟ್ಟು ಹೇಗೆ ಹೋದಿರಿ ಎಂಬುದಕ್ಕೆ ಉತ್ತರವೂ ಅಲ್ಲಿಯೇ ಸಿಕ್ಕಿತು. ಮಕ್ಕಳು ಜೊತೆಗಿದ್ದರೆ ಆ ಟೇಬಲ್ಲಿನಲ್ಲಿಯೂ ಒಬ್ಬರು ಬಡಿಸುತ್ತಲೇ ಇರುತ್ತಿದ್ದರು, ಒಂದೂವರೆ ರೊಟ್ಟಿಯ ಮಾತು ಬರುತ್ತಲೇ ಇರಲಿಲ್ಲ. ಇತ್ತ ಹನ್ನೆರಡು ದಿನ ಮಕ್ಕಳು ಚೆನ್ನಾಗಿಯೇ ಇದ್ದರು. ಮಗ ಅಜ್ಜಿಯಿಂದ ಚಹಾ ಮಾಡುವುದನ್ನು, ಒಗ್ಗರಣೆ ಹಾಕುವುದನ್ನು ಕಲಿತಿದ್ದ.

ಈಗ ನಮ್ಮ ಮನೆಯಲ್ಲಿ ವಾರಕ್ಕೆ ಎರಡು ರಾತ್ರಿ ಬಿಸಿ ರೊಟ್ಟಿ ಇಲ್ಲ. ಹೆಣ್ಣುಮಕ್ಕಳ ಸಂಘವೊಂದು ಮಾಡಿ ಮಾರುವ ಖಡಕ್ ರೊಟ್ಟಿ ತರುತ್ತೇವೆ. ದುಡ್ಡು ಅವರ ಕೈಗೇ ಹೋಗುತ್ತದೆ. ಪಲ್ಯ, ಕಾಳು, ಹಿಂಡಿ, ಮೊಸರು ಎಲ್ಲವನ್ನೂ ಮೊದಲೇ ನಡುವೆ ತಂದಿಡುತ್ತೇವೆ. ಒಲೆ ಆರಿಸಿದ ಮೇಲೆಯೇ ಎಲ್ಲರೂ ಕೂಡುವುದು. ಮಕ್ಕಳು ಶಾಲೆಯ ಮಾತು ತೆಗೆಯುತ್ತಾರೆ. ಒಮ್ಮೊಮ್ಮೆ ಊಟ ಒಂದು ತಾಸು ನಡೆಯುತ್ತದೆ.

ಅವ್ವ ಮಾತ್ರ ಇನ್ನೂ ಕೂತಿಲ್ಲ. ಅಡುಗೆಮನೆಯ ಬಾಗಿಲಿಗೆ ಆತು ನಿಂತು, “ನೀವು ಉಣ್ಣರಿ, ನಂದು ಆಮ್ಯಾಲೆ” ಎನ್ನುತ್ತಾಳೆ. ಐವತ್ತು ವರ್ಷ ನಿಂತ ಕಾಲುಗಳು. ಅವಳ ತಟ್ಟೆಯನ್ನು ನಾವು ಪ್ರತಿ ಸಲವೂ ನಮ್ಮ ತಟ್ಟೆಗಳ ಜೊತೆಗೇ ಹಾಕಿ ಇಡುತ್ತೇವೆ.