ಐನೂರು ಯೆನ್ನಿನ ಊಟ

ಟೋಕಿಯೊದ ನಿಶಿ-ಕಸಾಯಿಯಲ್ಲಿ ನಮ್ಮವರ ಹೋಟೆಲಿಗೇನೂ ಬರವಿಲ್ಲ. ಆದ್ರೆ ತಿಂಗಳ ಕೊನೆಗೆ ಅಲ್ಲಿ ಕೂರೋ ಧೈರ್ಯ ಇರಲ್ಲ. ಅವತ್ತು ಮಳೆ ಅಂತ ಸಂದಿಯ ಪುಟ್ಟ ಅಂಗಡಿಗೆ ನುಗ್ಗಿದೆ. ಬಾಗಿಲಲ್ಲೇ ಟಿಕೆಟ್ ಮಷಿನ್, ಒಳಗೆ ಏಳು ಸ್ಟೂಲು, ಒಬ್ಬ ಅಜ್ಜಿ. 500 ಯೆನ್ ನಾಣ್ಯ ಹಾಕಿ, ಚಿತ್ರ ನೋಡಿ ಗುಂಡಿ ಒತ್ತಿದೆ.

ಬಂದದ್ದು ಬಿಸಿ ಅನ್ನ, ಮೇಲೆ ಕೋಳಿ, ಅರೆಬೆಂದ ಮೊಟ್ಟೆ. ಹೆಸರು ಒಯಾಕೊದೊನ್. ‘ಒಯಾಕೊ’ ಅಂದ್ರೆ ಹೆತ್ತವರು-ಮಕ್ಕಳಂತೆ. ಕೋಳಿ, ಮೊಟ್ಟೆ ಒಂದೇ ಬಟ್ಟಲಲ್ಲಿ! ಅನ್ನ ಮಾತ್ರ ಅಂಟಂಟು, ನಮ್ಮ ಕರೂರಿನ ಸೋನಾಮಸೂರಿಯ ಹಾಗೆ ಉದುರಲ್ಲ.

ಗದ್ದೆ ಮಾರೋ ವಿಷಯಕ್ಕೆ ಜಗಳಾಡಿ ಅಪ್ಪನ ಜತೆ ಮಾತು ಬಿಟ್ಟು ಎರಡು ತಿಂಗಳಾಗಿತ್ತು. ಹೊರಬಂದು ಫೋನ್ ಮಾಡಿದೆ.

‘ಉಂಡೇನಪಾ?’

‘ಉಂಡೆ.’

‘ಅಲ್ಲಿ ಅಕ್ಕಿ ಹೆಂಗದಾವು?’

ಅರ್ಧ ತಾಸು ಅಕ್ಕಿಯದೇ ಮಾತು. ಗದ್ದೆ ವಿಷಯ ಇಬ್ಬರೂ ಎತ್ತಲಿಲ್ಲ.