ಒಬ್ಬೊಬ್ಬರೇ ದಾಟೋ ಸೇತುವೆ

ನಮ್ಮೂರಲ್ಲಿ ಯಾರಾದರೂ ಒಬ್ಬನೇ ಊರು ಬಿಟ್ಟು ಹೊರಟರೆ ಎರಡೇ ಕಾರಣ: ಒಂದು ಮನೇಲಿ ಜಗಳ, ಇಲ್ಲಾಂದ್ರೆ ಸಾಲ. ಅದಕ್ಕೇ, "ಒಬ್ಬನೇ ಐಸ್‌ಲ್ಯಾಂಡ್ ಸುತ್ತಿ ಬರ್ತೀನಿ" ಅಂದಾಗ ಅಮ್ಮ ಮೊದಲು ಕೇಳಿದ್ದು, "ಹೆಂಡ್ತಿ ಜೊತೆ ಏನಾರ ಆಯ್ತೇನಪ್ಪಾ?" ಅಂತ. ಏನೂ ಆಗಿರಲಿಲ್ಲ. ಅವಳಿಗೆ ರಜೆ ಸಿಗಲಿಲ್ಲ, ನನಗೆ ಸಿಕ್ಕಿತ್ತು, ಅಷ್ಟೇ.

ಆದರೆ ತಲೆಯಲ್ಲಿ ಒಂದು ವಿಷಯ ಕೊರೀತಾ ಇತ್ತು. ಅಪ್ಪ ಹೋದ ಮೇಲೆ ಕುರಿ ನೋಡಿಕೊಳ್ಳುತ್ತಿದ್ದವನು ತಮ್ಮ. ಅರವತ್ತು ಕುರಿ. ಎಲ್ಲವನ್ನೂ ಮಾರಿ ಲಗೇಜ್ ಆಟೋ ತಗೋತೀನಿ ಅಂತಿದ್ದ. "ನೀನು ಹೂಂ ಅಂದ್ರೆ ಸಂತೆಗೆ ಹೊಡೀತೀನಿ ಕಣಣ್ಣ." ಹೂಂ ಅನ್ನೋಕೂ ಆಗದೆ, ಉಹೂಂ ಅನ್ನೋಕೂ ಆಗದೆ ವಿಮಾನ ಹತ್ತಿದ್ದೆ.

ಇಡೀ ಐಸ್‌ಲ್ಯಾಂಡಿನ ಜನಸಂಖ್ಯೆ 4 ಲಕ್ಷ ದಾಟಲ್ಲ. ದೇಶವನ್ನು ಸುತ್ತುಹಾಕುವ ರಸ್ತೆಯ ಹೆಸರು ಒಂದನೇ ನಂಬರ್ ರಸ್ತೆ, ಉದ್ದ ಸುಮಾರು 1,320 ಕಿಲೋಮೀಟರ್. ರೇಕ್ಯಾವಿಕ್‌ನಲ್ಲಿ ಕಾರಿನ ಕೀ ಕೊಟ್ಟವನು ಎಂಜಿನ್ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಬಾಗಿಲು ತೆಗೆಯುವಾಗ ಗಟ್ಟಿಯಾಗಿ ಹಿಡ್ಕೋ, ಗಾಳಿ ಕಿತ್ತುಕೊಂಡು ಹೋಗುತ್ತೆ ಅಂದ. ತಮಾಷೆ ಅಂದುಕೊಂಡೆ. ದಕ್ಷಿಣದ ವೀಕ್ ಅನ್ನೋ ಊರಲ್ಲಿ ಎರಡೂ ಕೈಯಲ್ಲಿ ಬಾಗಿಲು ಹಿಡಿದು ನಿಂತಾಗ ತಮಾಷೆ ಅಲ್ಲ ಅಂತ ಗೊತ್ತಾಯಿತು.

ಎಡಗಡೆ ಸ್ಟೀರಿಂಗ್, ಬಲಗಡೆ ಓಡಿಸಬೇಕು, ಟಾರ್ ರಸ್ತೆಯಲ್ಲಿ ಗಂಟೆಗೆ 90ರ ಮಿತಿ. ಇವೆಲ್ಲ ಅರ್ಧ ದಿನದಲ್ಲಿ ಒಗ್ಗಿಹೋದವು. ಒಗ್ಗದೇ ಇದ್ದದ್ದು ಸೇತುವೆಗಳು. ಹೆದ್ದಾರಿ ಇದ್ದಕ್ಕಿದ್ದಂತೆ ಒಂದೇ ಕಾರಿನಷ್ಟು ಅಗಲ ಆಗಿಬಿಡುತ್ತೆ. ಅಲ್ಲಿ ಸಿಗ್ನಲ್ ಇಲ್ಲ, ಪೊಲೀಸ್ ಇಲ್ಲ. ಸೇತುವೆಗೆ ಯಾರು ಹತ್ತಿರವೋ ಅವರು ಮೊದಲು ದಾಟೋದು, ಇನ್ನೊಬ್ಬರು ಆಚೆ ಕಡೆ ಕಾಯೋದು. ದಾಟಿದವನು ಕೈ ಎತ್ತುತ್ತಾನೆ, ಕಾದವನೂ ಎತ್ತುತ್ತಾನೆ. ನೂರಾರು ಮೈಲಿ ಒಬ್ಬನೇ ಓಡಿಸಿದ ನನಗೆ ದಿನವಿಡೀ ಸಿಕ್ಕ ಮಾತುಕತೆ ಅಂದರೆ ಅದೇ.

ಇಂಥ ಸೇತುವೆಗಳ ಹಿಂದೆ ಒಂದು ಕಥೆ ಇದೆ. ಈ ರಸ್ತೆ ಪೂರ್ತಿ ವೃತ್ತವಾಗಿದ್ದು 1974ರಲ್ಲಿ. ಅಲ್ಲಿವರೆಗೂ ವಾಟ್ನಾಯೋಕುಲ್ ಹಿಮರಾಶಿಯಿಂದ ಇಳಿಯುವ ನದಿಗಳನ್ನು ದಾಟಲಾಗದೆ, ಆಗ್ನೇಯದ ಹಾಪ್ನ್ ಊರಿನವರು ರಾಜಧಾನಿಗೆ ಕಾರಲ್ಲಿ ಹೋಗಬೇಕಾದರೆ ಉತ್ತರದಿಂದ ದೇಶವನ್ನೇ ಸುತ್ತಬೇಕಿತ್ತು. ಸೇತುವೆ ಆಯಿತು. 1996ರಲ್ಲಿ ಹಿಮದಡಿಯಲ್ಲಿ ಜ್ವಾಲಾಮುಖಿ ಸಿಡಿದು, ಪ್ರವಾಹ ಬಂದು, ಉಕ್ಕಿನ ತೊಲೆಗಳನ್ನು ಹಗ್ಗದ ಥರ ತಿರುಚಿ ಹಾಕಿತು. ಆ ತೊಲೆಗಳನ್ನು ರಸ್ತೆ ಪಕ್ಕ ಹಾಗೇ ಉಳಿಸಿದ್ದಾರೆ. ಅರ್ಧ ಗಂಟೆ ಅಲ್ಲೇ ಕೂತು ಬ್ರೆಡ್ಡಿಗೆ ಅಮ್ಮನ ಶೇಂಗಾ ಚಟ್ನಿಪುಡಿ ಹಾಕಿ ತಿಂದೆ.

ಇನ್ನು ಕುರಿ. ಬೇಸಿಗೆಯಲ್ಲಿ ಮರಿಗಳನ್ನೂ ಸೇರಿಸಿ ಎಣಿಸಿದರೆ ಈ ದೇಶದಲ್ಲಿ ಜನರಿಗಿಂತ ಕುರಿಗಳೇ ಹೆಚ್ಚು. ಕಾಯೋರಿಲ್ಲದೆ ಬೆಟ್ಟದ ಮೇಲೆ ಮೇಯುತ್ತವೆ, ರಸ್ತೆಗೂ ಬರುತ್ತವೆ. ತಾಯಿ ಒಂದು ಕಡೆ, ಮರಿ ಇನ್ನೊಂದು ಕಡೆ ಕಂಡರೆ ನಿಧಾನ ಮಾಡಿ ಅಂತ ಪ್ರವಾಸಿಗರಿಗೆ ಪಾಠ ಹೇಳ್ತಾರೆ. ನನಗೆ ಯಾರೂ ಹೇಳಬೇಕಿರಲಿಲ್ಲ. ಮರಿ ಓಡೇ ಓಡುತ್ತೆ.

ಸೆಪ್ಟೆಂಬರ್‌ನಲ್ಲಿ ಅವನ್ನೆಲ್ಲ ಇಳಿಸಿ ತರುತ್ತಾರೆ. ಉತ್ತರದಲ್ಲಿ, ಅಕುರೇರಿ ದಾಟಿದ ಮೇಲೆ ಅದು ಕಣ್ಣಿಗೆ ಬಿತ್ತು. ಗಾಡಿಯ ಚಕ್ರದಂತೆ ಕಟ್ಟಿದ ದೊಡ್ಡ ದೊಡ್ಡಿ: ನಡುವೆ ಎಲ್ಲರ ಕುರಿ, ಸುತ್ತ ಒಂದೊಂದು ಮನೆಗೆ ಒಂದೊಂದು ಭಾಗ. ಕಿವಿಯ ಗುರುತು ನೋಡಿ, ಕೊಂಬು ಹಿಡಿದು, ಕಾಲ ನಡುವೆ ಸಿಕ್ಕಿಸಿಕೊಂಡು ಅವರವರ ಭಾಗಕ್ಕೆ ಎಳೆದೊಯ್ಯುತ್ತಿದ್ದರು. ನಮ್ಮಲ್ಲಿ ಬೆನ್ನಿಗೆ ಬಣ್ಣ, ಅವರಲ್ಲಿ ಕಿವಿಗೆ ಕಚ್ಚು. ಪಕ್ಕದಲ್ಲಿ ನಿಂತವನು ರೇಕ್ಯಾವಿಕ್‌ನಲ್ಲಿ ಅಕೌಂಟೆಂಟ್ ಅಂತೆ. ಪ್ರತಿ ವರ್ಷ ಇದಕ್ಕೇ ರಜೆ ಹಾಕಿ ಅಣ್ಣನ ಮನೆಗೆ ಬರ್ತಾನಂತೆ.

ಆ ರಾತ್ರಿ ತಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನು ಪೂರ್ತಿ ಕೇಳಿ, "ಚೆನ್ನಾಗೈತೆ ಕಣಣ್ಣ. ಆದ್ರೆ ಅವ್ರ ಕುರಿ ತಾವೇ ಮೇಯ್ತವೆ. ನಮ್ಮವಕ್ಕೆ ದಿನಾ ಒಬ್ಬ ಬೇಕಲ್ಲ" ಅಂದ.

ದಿನಾ ಆ ಒಬ್ಬ ಯಾರು ಅಂತ ಇಬ್ಬರಿಗೂ ಗೊತ್ತಿತ್ತು. ನಾನು ಬಿಇಗೆ ಸೇರಿದ ವರ್ಷ ಅವನು ಎಸ್ಸೆಸ್ಸೆಲ್ಸಿಗೆ ನಿಲ್ಲಿಸಿ ಅಪ್ಪನ ಜೊತೆ ಮಂದೆ ಹಿಂದೆ ಹೋದ. ನಾನು ದಾಟಿದೆ, ಅವನು ಆಚೆ ಕಡೆ ಕಾದ. ಈಗ ಮಂದೆ ಇರಲಿ ಅಂತ ನಾನು ಆಸೆಪಟ್ಟರೆ, ಇನ್ನೂ ಸ್ವಲ್ಪ ಹೊತ್ತು ಕಾಯಪ್ಪಾ ಅಂತ ಅವನಿಗೇ ಹೇಳಿದಂಗೆ.

"ಮಾರು. ಆಟೋಗೆ ಎಷ್ಟು ಕಮ್ಮಿ ಬೀಳುತ್ತೆ ನೋಡಿ ಹೇಳು" ಅಂದೆ.

ಎರಡು ಕುರಿ ಮಾತ್ರ ಅಮ್ಮ ಮಾರೋಕೆ ಬಿಡಲಿಲ್ಲ. ಹಿತ್ತಲಲ್ಲಿ ಕಟ್ಟಿಕೊಂಡಿದ್ದಾಳೆ. ಅವಕ್ಕೆ ಸಂಜೆ ಸೊಪ್ಪು ತರೋದು ಈಗ ತಮ್ಮನ ಆಟೋ.